ಹಾವಿನ ಬಾಯಿಯ ಬ್ಯಾಕ್ಟೀರಿಯಾಕ್ಕೊಂದು ಹೆಸರು ಕೊಡಿಸಿದ ಅನುಭವ

ಕೊಳಕುಮಂಡಲದ ಬಾಯಿಯಿಂದ ನಾವು ಬೇರ್ಪಡಿಸಿದ ಬ್ಯಾಕ್ಟೀರಿಯಾವನ್ನು ಹೊಸ ಪ್ರಭೇದವೆಂದು ಒಪ್ಪಿದ ಸಂಶೋಧನಾ ಪತ್ರಿಕೆಯ ಸ್ವೀಕೃತಿ ಪತ್ರ ಇತ್ತೀಚೆಗಷ್ಟೇ ಕೈಸೇರಿತು. ಲೇಖನ ಅಚ್ಚಾಗುವ ಮೊದಲೇ ಪ್ರಭೇದದ ಹೆಸರನ್ನು ಹೊರಗೆ ಹೇಳುವ ರೂಢಿ ನಮ್ಮ ಕ್ಷೇತ್ರದಲ್ಲಿಲ್ಲ. ಅದು ಕ್ರೈಸಿಯೋಬ್ಯಾಕ್ಟೀರಿಯಂ ಎಂಬ ಕುಲಕ್ಕೆ ಸೇರಿದ್ದು ಎಂದಷ್ಟೇ ಇಲ್ಲಿ ಹೇಳುತ್ತೇನೆ. ಈ ಕೆಲಸಕ್ಕೆ ಕೈಹಾಕಿದಾಗ ಪ್ರಯೋಗಾಲಯದ ವಿಧಾನಗಳನ್ನು ಹೇಳಿಕೊಡುವ ಪುಸ್ತಕಗಳು ಬೇಕಾದಷ್ಟು ಸಿಕ್ಕವು. ಯಾವ ಕಾಗದವನ್ನು ಯಾವಾಗ ಮಾಡಿಸಿಕೊಳ್ಳಬೇಕು, ಎಲ್ಲಿ ಕಾಯಬೇಕಾಗುತ್ತದೆ, ದುಡ್ಡು ಎಲ್ಲಿ ಸೋರಿಹೋಗುತ್ತದೆ ಎಂದು ಹೇಳುವವರು ಮಾತ್ರ ಸಿಗಲಿಲ್ಲ. ಬ್ಯಾಕ್ಟೀರಿಯಾ ಹೊಸದೆಂದು ತೋರಿಸಲು ಹಿಡಿದ ಸಮಯಕ್ಕಿಂತ ಆ ತಳಿಯನ್ನು, ಅಂದರೆ ಒಂದೇ ಮೂಲದಿಂದ ಬೆಳೆಸಿದ ಅದರ ಶುದ್ಧ ವಂಶವನ್ನು, ಎರಡು ದೇಶಗಳ ಬ್ಯಾಕ್ಟೀರಿಯಾ ಸಂಗ್ರಹಾಲಯಗಳಿಗೆ ಜೀವಂತವಾಗಿ ಮುಟ್ಟಿಸಲು ಹಿಡಿದ ಸಮಯವೇ ನಮಗೆ ಹೆಚ್ಚಾಯಿತು. ಇದೇ ದಾರಿಯಲ್ಲಿ ಬರುವವರು ಆ ಕೊನೆಯ ಹಂತವನ್ನು ಮೊದಲು ಓದಿಕೊಂಡು, ಆಮೇಲೆ ಸ್ವ್ಯಾಬ್ ಕೈಗೆತ್ತಿಕೊಳ್ಳುವುದು ಒಳ್ಳೆಯದು.

ನಮ್ಮ ಉದ್ದೇಶ ಹೊಸ ಪ್ರಭೇದವನ್ನು ಹುಡುಕುವುದೇನೂ ಆಗಿರಲಿಲ್ಲ. ಭಾರತದಲ್ಲಿ 2000ರಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತಿದ್ದಾರೆಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ವಿಷಕ್ಕೆ ಪ್ರತಿವಿಷ ಕೊಟ್ಟು ಬದುಕಿಸಿದ ಮೇಲೂ ಕೆಲವರ ಗಾಯ ಕೊಳೆಯುತ್ತದೆ, ಕೀವು ತುಂಬುತ್ತದೆ. ಅಂಥ ಗಾಯಗಳಲ್ಲಿ ಮಾರ್ಗನೆಲ್ಲಾ, ಏರೋಮೋನಾಸ್, ಪ್ರೋಟಿಯಸ್, ಎಂಟರೋಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಮತ್ತೆ ಮತ್ತೆ ಸಿಗುತ್ತವೆ. ಇವುಗಳಲ್ಲಿ ಎಷ್ಟು ಹಾವಿನ ಬಾಯಿಯವು, ಎಷ್ಟು ರೋಗಿಯ ಚರ್ಮದವು, ಎಷ್ಟು ಗಾಯಕ್ಕೆ ಹಚ್ಚಿದ ಮಣ್ಣು ಮತ್ತು ಸೊಪ್ಪಿನ ರಸದವು ಎಂದು ತಿಳಿಯಬೇಕಾದರೆ ನಮ್ಮ ಭಾಗದ ಹಾವುಗಳ ಬಾಯಲ್ಲಿ ಸಹಜವಾಗಿ ಏನಿದೆ ಎಂಬ ಪಟ್ಟಿ ಬೇಕು. ಆ ಪಟ್ಟಿ ಮಾಡಲು ಹೊರಟಾಗ ಪಟ್ಟಿಯಲ್ಲಿ ಇಲ್ಲದ್ದೊಂದು ಸಿಕ್ಕಿತು.

ಮೊದಲು ಅನುಮತಿಗಳ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ವೈಜ್ಞಾನಿಕ ಸಂಶೋಧನೆಗೆ ಪರವಾನಗಿ ಕೊಡುವ ಅಧಿಕಾರವನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ನೀಡುತ್ತದೆ. ಆದರೆ ಪ್ರಾಣಿ ಆ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ, ಇದ್ದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು, ಉಳಿದವುಗಳಿಗೆ ರಾಜ್ಯ ಸರ್ಕಾರದ್ದು. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳನ್ನೇ ಹೊಸದಾಗಿ ಜೋಡಿಸಿದ್ದಾರೆ. ಹಳೆಯ ಪ್ರಬಂಧಗಳಲ್ಲಿರುವ ಪಟ್ಟಿಯನ್ನು ನಂಬಿ ಅರ್ಜಿ ಬರೆಯಬೇಡಿ. ಬರೀ ಸ್ವ್ಯಾಬ್ ತೆಗೆಯುತ್ತೇವೆ, ಹಾವಿಗೆ ಏನೂ ಮಾಡುವುದಿಲ್ಲ ಎಂಬ ವಾದ ಇಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು. ಹಾವನ್ನು ಹಿಡಿದು ಬಾಯಿ ತೆರೆಸುವುದೇ ಅದಕ್ಕೊಂದು ಹಿಂಸೆ. ಇದರ ಜೊತೆಗೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ, ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ, ಹಾವು ಹಿಡಿಯುವವರ ಅನುಭವದ ದಾಖಲೆ, ಹತ್ತಿರದಲ್ಲಿ ಪ್ರತಿವಿಷ ಲಭ್ಯವಿರುವ ಆಸ್ಪತ್ರೆಯ ವಿವರ, ಇವಿಷ್ಟನ್ನೂ ಒಂದೇ ಕಡತದಲ್ಲಿಟ್ಟುಕೊಂಡರೆ ಓಡಾಟ ತಗ್ಗುತ್ತದೆ. ಹಾವುಗಳನ್ನು ಕಾಡಿನಿಂದ ಹಿಡಿಯುವುದಿಲ್ಲ, ಊರೊಳಗೆ ಬಂದು ರಕ್ಷಿಸಲ್ಪಟ್ಟವನ್ನು ಬಿಡುಗಡೆಗೆ ಮುಂಚೆ ಅರಣ್ಯ ಸಿಬ್ಬಂದಿಯ ಎದುರಿನಲ್ಲಿ ಪರೀಕ್ಷಿಸುತ್ತೇವೆ ಎಂದು ನಮ್ಮ ಗೈಡ್ ಅರ್ಜಿಯ ಮೊದಲ ಪುಟದಲ್ಲೇ ಬರೆಸಿದ್ದರು. ಆಮೇಲೆ ಕೇಳಿಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಆ ಒಂದು ವಾಕ್ಯದಿಂದಲೇ ಬಗೆಹರಿದವು. ಆದರೂ ಅಪ್ಪಣೆ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆದುಹೋಯಿತು. ಮನೆಗಳಿಗೆ ಹಾವು ಹೆಚ್ಚಾಗಿ ಬರುವುದು ಆ ದಿನಗಳಲ್ಲೇ ಆದ್ದರಿಂದ ಆ ಕಾಯುವಿಕೆ ಬಹಳ ನೋಯಿಸಿತು.

ಮಾದರಿ ತೆಗೆಯುವ ಕೆಲಸ ನಾನು ಅಂದುಕೊಂಡಿದ್ದಕ್ಕಿಂತ ಬೇಗ ಮುಗಿಯುತ್ತಿತ್ತು. ಹಾವಿನ ದೇಹವನ್ನು ಪಾರದರ್ಶಕ ಕೊಳವೆಯೊಳಗೆ ಬಿಟ್ಟು, ತಲೆಯನ್ನು ಅನುಭವಿಗಳೊಬ್ಬರು ಹಿಡಿದುಕೊಳ್ಳುತ್ತಿದ್ದರು. ಇನ್ನೊಬ್ಬರು ಕ್ರಿಮಿಶುದ್ಧ ಪ್ಲಾಸ್ಟಿಕ್ ಪಟ್ಟಿಯಿಂದ ಬಾಯಿ ತೆರೆಸುತ್ತಿದ್ದರು. ಕೊಳಕುಮಂಡಲದ ಬಾಯೊಳಗೆ ಮೊದಲು ಕಣ್ಣಿಗೆ ಬೀಳುವುದು ಹಲ್ಲಲ್ಲ. ತಿಳಿಗುಲಾಬಿ ಬಣ್ಣದ ಒದ್ದೆ ಮಾಂಸದ ನಡುವೆ, ಕೆಳದವಡೆಯ ಮೇಲೆ, ಉಸಿರಿನ ರಂಧ್ರವೊಂದು ತೆರೆದು ಮುಚ್ಚುತ್ತಿರುತ್ತದೆ. ವಿಷದ ಹಲ್ಲುಗಳು ಮೇಲ್ದವಡೆಗೆ ಮಡಚಿಕೊಂಡು, ದಪ್ಪ ಪೊರೆಯೊಳಗೆ ಅಡಗಿರುತ್ತವೆ. ನಮ್ಮ ಸ್ವ್ಯಾಬ್ ಹೋಗಬೇಕಾದದ್ದು ಆ ಪೊರೆಯ ಬುಡಕ್ಕೆ ಮತ್ತು ಅಂಗುಳಕ್ಕೆ; ಉಸಿರಿನ ರಂಧ್ರಕ್ಕೆ ತಾಗಬಾರದು. "ಮೇಡಂ, ಒಂದೇ ಸಲ ಸುತ್ತಿಸಿ ತೆಗೀರಿ, ಎರಡನೇ ಸಲಕ್ಕೆ ಇದು ಸುಮ್ನಿರಲ್ಲ" ಎಂದು ತಲೆ ಹಿಡಿದಿದ್ದ ಅಣ್ಣ ಪ್ರತಿ ಸಲವೂ ಹೇಳುತ್ತಿದ್ದರು. ಸ್ವ್ಯಾಬ್ ಏಮೀಸ್ ಸಾಗಣೆ ಮಾಧ್ಯಮದ ಕೊಳವೆಗೆ, ಕೊಳವೆ ಐಸ್ ಡಬ್ಬಿಗೆ, ಹಾವು ಅದೇ ಸಂಜೆ ಅರಣ್ಯ ಸಿಬ್ಬಂದಿಯ ಜೊತೆ ಕಾಡಿಗೆ ಹೋಗುತ್ತಿತ್ತು.

ಇಲ್ಲಿ ಒಂದು ಸಣ್ಣ ಕ್ರಮವನ್ನು ದಯವಿಟ್ಟು ಬಿಡಬೇಡಿ. ಪ್ರತಿ ಹಾವಿನ ಜೊತೆಗೂ ಒಂದು ಖಾಲಿ ಸ್ವ್ಯಾಬನ್ನು ಉಳಿದ ಸ್ವ್ಯಾಬುಗಳನ್ನು ಒದ್ದೆ ಮಾಡಿದ ಲವಣದ್ರಾವಣದಲ್ಲೇ ಅದ್ದಿ, ಅದೇ ಜಾಗದ ಗಾಳಿಯಲ್ಲಿ ಅಷ್ಟೇ ಹೊತ್ತು ಹಿಡಿದು, ಯಾವುದಕ್ಕೂ ತಾಗಿಸದೆ ಕೊಳವೆಗೆ ಹಾಕಿ, ಉಳಿದವುಗಳಂತೆಯೇ ಬೆಳೆಸಬೇಕು. ಕ್ರೈಸಿಯೋಬ್ಯಾಕ್ಟೀರಿಯಂ ಕುಲದ ಹಲವು ಪ್ರಭೇದಗಳು ನೀರಿನಲ್ಲಿ, ಮಣ್ಣಿನಲ್ಲಿ, ಆಸ್ಪತ್ರೆಯ ಸಿಂಕುಗಳಲ್ಲಿ ಸಲೀಸಾಗಿ ಬದುಕುತ್ತವೆ. ಹಾಗಾಗಿ ಅದು ಹಾವಿನ ಬಾಯಿಯದೋ ಅಥವಾ ನಿಮ್ಮ ಬಾಟಲಿಯದೋ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಮಗೂ ಬಂತು. ಖಾಲಿ ಸ್ವ್ಯಾಬುಗಳ ಪ್ಲೇಟುಗಳಲ್ಲಿ ಏನೂ ಬೆಳೆಯಲಿಲ್ಲವೆಂಬ ದಾಖಲೆ, ತಾರೀಕು ಸಹಿತ ತೆಗೆದ ಫೋಟೊಗಳು ಇದ್ದುದರಿಂದ ಉತ್ತರ ಒಂದು ಪ್ಯಾರಾದಲ್ಲಿ ಮುಗಿಯಿತು. ಬೇರೆ ಊರಿನಲ್ಲಿ ಸಿಕ್ಕ ಎರಡನೆಯ ಕೊಳಕುಮಂಡಲದಿಂದಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿದ್ದು ದೊಡ್ಡ ಬಲವಾಯಿತು. ಒಂದೇ ತಳಿಯನ್ನು ಆಧರಿಸಿ ಹೊಸ ಪ್ರಭೇದವನ್ನು ವಿವರಿಸಲು ನಿಯಮದ ಅಡ್ಡಿಯಿಲ್ಲ; ಆದರೆ ಎರಡಿದ್ದರೆ ಪತ್ರಿಕೆಯ ಪರವಾಗಿ ಲೇಖನವನ್ನು ತೂಗಿ ನೋಡುವ ಪರಿಶೀಲಕರ ಧಾಟಿಯೇ ಬದಲಾಗುತ್ತದೆ.

ಪ್ರತಿ ಮಾದರಿಯನ್ನೂ ಶೇಕಡಾ 5ರ ಕುರಿರಕ್ತದ ಅಗರ್ ಮತ್ತು ಟ್ರಿಪ್ಟಿಕ್ ಸೋಯಾ ಅಗರ್ ಎಂಬ, ಬ್ಯಾಕ್ಟೀರಿಯಾ ಬೆಳೆಸುವ ಎರಡು ಬಗೆಯ ಪ್ಲೇಟುಗಳ ಮೇಲೆ ಎಳೆದು, ಒಂದು ಜೊತೆಯನ್ನು 37 ಡಿಗ್ರಿಯಲ್ಲಿ, ಇನ್ನೊಂದು ಜೊತೆಯನ್ನು 28 ಡಿಗ್ರಿಯಲ್ಲಿ ಇಡುತ್ತಿದ್ದೆವು. ಆಸ್ಪತ್ರೆಯ ಲ್ಯಾಬುಗಳಿಗೆ 37 ಡಿಗ್ರಿಯೇ ರೂಢಿ, ಏಕೆಂದರೆ ಅವರ ರೋಗಿ ಬಿಸಿರಕ್ತದ ಮನುಷ್ಯ. ಹಾವಿನ ಮೈಯ ಉಷ್ಣತೆ ಸುತ್ತಲಿನ ಹವೆಯೊಂದಿಗೆ ಏರಿಳಿಯುತ್ತದೆ, ಅದರೊಳಗಿನ ಜೀವಿಗಳೂ ಅದಕ್ಕೆ ಒಗ್ಗಿಕೊಂಡಿರುತ್ತವೆ. 2018ರಲ್ಲಿ ಹಾವುಗಳಿಂದ ಬೇರ್ಪಡಿಸಿ ವಿವರಿಸಿದ ಕ್ಲಮೈಡಿಯಾದ ಎರಡು ಹೊಸ ಪ್ರಭೇದಗಳೂ ಉಷ್ಣತೆಗೆ ಸೂಕ್ಷ್ಮವಾದವುಗಳೇ. ನಮ್ಮ ತಳಿ ಬಂದದ್ದು 28ರ ಪ್ಲೇಟಿನಲ್ಲಿ ಮಾತ್ರ. ಅದೂ ಮೊದಲ ದಿನ ಏನೂ ಇಲ್ಲ, ಎರಡನೆಯ ದಿನ ಮಾರ್ಗನೆಲ್ಲಾದ ಬೂದುಬಣ್ಣದ ಹರಹಿನ ಅಂಚಿನಲ್ಲಿ ಸೂಜಿಮೊನೆಯಷ್ಟು ಹಳದಿ ಚುಕ್ಕೆಗಳು. ಅವುಗಳನ್ನು ಬೇರೆ ಪ್ಲೇಟಿಗೆ ದಾಟಿಸಿ ಶುದ್ಧಗೊಳಿಸಿದಾಗ ನಯವಾಗಿ ಹೊಳೆಯುವ, ಮಾಗಿದ ಮಾವಿನ ತಿರುಳಿನ ಬಣ್ಣದ ಗುಂಪುಗಳಾದವು. ಒಂದು ಗುಂಪನ್ನು ಗಾಜಿನ ಪಟ್ಟಿಯ ಮೇಲಿಟ್ಟು ಶೇಕಡಾ 20ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಒಂದು ಹನಿ ಬಿಟ್ಟರೆ ಹಳದಿ ಕಣ್ಣೆದುರಿಗೇ ಇಟ್ಟಿಗೆ ಕೆಂಪಿಗೆ ತಿರುಗಿತು. ಅದು ಫ್ಲೆಕ್ಸಿರೂಬಿನ್ ಜಾತಿಯ ವರ್ಣದ್ರವ್ಯದ ಗುರುತು, ಈ ಕುಲದ ಸಾಮಾನ್ಯ ಲಕ್ಷಣಗಳಲ್ಲೊಂದು. ಅಂದು ಕುಲ ಯಾವುದೆಂಬ ಅಂದಾಜು ಸಿಕ್ಕಿತು. ಶುದ್ಧವಾದ ಕೂಡಲೇ ಗ್ಲಿಸರಾಲ್ ಹಾಕಿ ಮೈನಸ್ 80ರ ಫ್ರೀಜರಿನಲ್ಲಿಡಿ. ಒಂದೇ ಫ್ರೀಜರಿನಲ್ಲಿ ಬೇಡ, ಇನ್ನೊಂದು ಕಟ್ಟಡದ ಫ್ರೀಜರಿನಲ್ಲೂ ಇಡಿ. ನಮ್ಮಲ್ಲಿ ಕರೆಂಟು ಹೇಳಿಕೇಳಿ ಹೋಗುವುದಿಲ್ಲ.

ಮಾಲ್ಡಿ-ಟಾಫ್ ಯಂತ್ರ ಪ್ರೋಟೀನುಗಳ ತೂಕದ ಚಿತ್ರವನ್ನು ತನ್ನ ದತ್ತಾಂಶ ಭಂಡಾರದೊಂದಿಗೆ ಹೋಲಿಸಿ ಅಂಕ ಕೊಡುತ್ತದೆ. 2.0 ದಾಟಿದರೆ ಪ್ರಭೇದ ಖಚಿತ, 1.7ಕ್ಕಿಂತ ಕೆಳಗೆ ಬಂದರೆ ಗುರುತು ಸಿಗಲಿಲ್ಲವೆಂದು ಲೆಕ್ಕ. ನಮ್ಮದು ಕೆಳಗೆ ಬಂತು. ಇದರಿಂದ ಹಿಗ್ಗಬೇಕಾಗಿಲ್ಲ, ಭಂಡಾರದಲ್ಲಿ ಇಲ್ಲದ ಹಳೆಯ ಪ್ರಭೇದಗಳೂ ಹೀಗೆಯೇ ಬರುತ್ತವೆ. ಮುಂದಿನದು ಬ್ಯಾಕ್ಟೀರಿಯಾಗಳ ಗುರುತಿಗೆ ಬಳಸುವ 16ಎಸ್ ಎಂಬ ವಂಶವಾಹಿಯ ಅನುಕ್ರಮ, ಅಂದರೆ ಅದರ ಡಿಎನ್‌ಎ ಅಕ್ಷರಗಳ ಸಾಲು. ಕಡಿಮೆ ಖರ್ಚಿನಲ್ಲಿ ಆಗುವ ಕೆಲಸವಾದರೂ ಸುಮಾರು 1,500 ಅಕ್ಷರಗಳ ಪೂರ್ಣ ಉದ್ದವನ್ನೇ ಮಾಡಿಸಬೇಕು; ಅರ್ಧ ತುಣುಕಿನಿಂದ ಮುಂದೆ ಏನೂ ಪ್ರಯೋಜನವಿಲ್ಲ. ಹೋಲಿಕೆಯನ್ನು ಎಲ್ಲ ಬಗೆಯ ಅನುಕ್ರಮಗಳೂ ತುಂಬಿಕೊಂಡಿರುವ ಸಾಮಾನ್ಯ ಭಂಡಾರದಲ್ಲಿ ಮಾಡದೆ, ಟೈಪ್ ತಳಿಗಳ, ಅಂದರೆ ಪ್ರಭೇದದ ಹೆಸರಿಗೆ ಅಧಿಕೃತ ಆಧಾರವಾದ ತಳಿಗಳ, ಅನುಕ್ರಮಗಳನ್ನು ಆಯ್ದು ಇಟ್ಟುಕೊಂಡಿರುವ ಇಝಡ್‌ಬಯೋಕ್ಲೌಡ್‌ನಂಥ ಕಡೆ ಮಾಡಿ. ಹೋಲಿಕೆ ಶೇಕಡಾ 98.7ಕ್ಕಿಂತ ಕಡಿಮೆಯಿದ್ದರೆ ಹೊಸ ಪ್ರಭೇದವಿರಬಹುದು ಎಂಬುದು ರೂಢಿಯ ಗೆರೆ. ನಮ್ಮ ತಳಿ ಆ ಗೆರೆಗಿಂತ ಕೂದಲೆಳೆಯಷ್ಟು ಮೇಲೆ ಬಂದು ನಿಂತಿತು. ಆ ಸಂಜೆ ನಾನು ಇದು ಮುಗಿದ ಕಥೆ ಎಂದುಕೊಂಡು ಪ್ಲೇಟುಗಳನ್ನು ಎತ್ತಿಟ್ಟೆ. "16ಎಸ್ ನೋಡಿ ತೀರ್ಮಾನ ಮಾಡೋದು ಮನೆತನದ ಹೆಸರು ಕೇಳಿ ಆಳು ಯಾರು ಅಂತ ಹೇಳಿದ ಹಾಗೆ. ಜೀನೋಮ್ ಮಾಡಿಸಮ್ಮ" ಎಂದು ಗೈಡ್ ಮೇಡಂ ಅಷ್ಟಕ್ಕೇ ಬಿಟ್ಟುಬಿಟ್ಟರು. ನೂರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಲದಲ್ಲಿ 16ಎಸ್ ಬಹಳ ಸಲ ಪಕ್ಕಪಕ್ಕದವುಗಳನ್ನು ಬೇರ್ಪಡಿಸುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಜೀನೋಮಿಗೆ, ಅಂದರೆ ಬ್ಯಾಕ್ಟೀರಿಯಾದ ಇಡೀ ಡಿಎನ್‌ಎಯನ್ನು ಓದಿಸಲು, ನಮಗೆ ಆದದ್ದು ಸುಮಾರು 20,000 ರೂಪಾಯಿ, ಮೇಲೆ ಜಿಎಸ್‌ಟಿ. ವಿದ್ಯಾರ್ಥಿವೇತನದಲ್ಲಿ ಬದುಕುವವರಿಗೆ ಇದು ಸಣ್ಣ ಮೊತ್ತವಲ್ಲ. ಯೋಜನೆಯ ಬಜೆಟ್ಟಿನಲ್ಲಿ ಮೊದಲೇ ಜಾಗ ಮಾಡಿಕೊಳ್ಳಿ. ಫಲಿತಾಂಶ ಬಂದಾಗ ಪೂರ್ಣತೆ ಮತ್ತು ಕಲಬೆರಕೆಯ ಪ್ರಮಾಣವನ್ನು ಮೊದಲು ನೋಡಿ, ಆಮೇಲೆ ಉಳಿದ ಲೆಕ್ಕ. ಎರಡು ಜೀನೋಮುಗಳ ನಡುವಿನ ಸರಾಸರಿ ಹೋಲಿಕೆಯನ್ನು ಹೇಳುವ ಎಎನ್‌ಐ ಶೇಕಡಾ 95ರಿಂದ 96ರ ಕೆಳಗಿದ್ದರೆ, ಮತ್ತು ಡಿಎನ್‌ಎ-ಡಿಎನ್‌ಎ ಬೆಸುಗೆಯ ಗಣಕೀಕೃತ ಅಳತೆ ಶೇಕಡಾ 70ರ ಕೆಳಗಿದ್ದರೆ, ಅವು ಬೇರೆ ಬೇರೆ ಪ್ರಭೇದಗಳು. ಎರಡನೆಯ ಲೆಕ್ಕವನ್ನು ಜರ್ಮನಿಯ ಡಿಎಸ್‌ಎಂಜಡ್ ಸಂಸ್ಥೆಯ ಸರ್ವರ್ ಉಚಿತವಾಗಿ ಮಾಡಿಕೊಡುತ್ತದೆ. ಅತಿ ಹತ್ತಿರದ ಪ್ರಭೇದದೊಂದಿಗೂ ನಮ್ಮ ತಳಿಯ ಎಎನ್‌ಐ 90ನ್ನು ಮುಟ್ಟಲಿಲ್ಲ, ಇನ್ನೊಂದು ಅಳತೆ 40ರ ಆಸುಪಾಸಿನಲ್ಲಿತ್ತು. ಸಂದೇಹಕ್ಕೆ ಜಾಗವಿರಲಿಲ್ಲ. ನಾನು ಆ ಅಂಕಿಗಳನ್ನು ಲ್ಯಾಬಿನ ಗೋಡೆಯ ಬಿಳಿ ಹಲಗೆಯ ಮೇಲೆ ಬರೆದೆ. ತಿಂಗಳುಗಟ್ಟಲೆ ಯಾರೂ ಅಳಿಸಲಿಲ್ಲ.

ಇಲ್ಲಿಗೆ ಮುಗಿಯಿತೆಂದು ಹೊರಗಿನವರಿಗೆ ಅನ್ನಿಸುತ್ತದೆ. ಆದರೆ ಹತ್ತಿರದ ಪ್ರಭೇದಗಳ ಟೈಪ್ ತಳಿಗಳನ್ನು ತರಿಸಿ, ನಮ್ಮ ತಳಿಯ ಪಕ್ಕದಲ್ಲೇ, ಅದೇ ಮಾಧ್ಯಮದಲ್ಲಿ, ಅದೇ ಉಷ್ಣತೆಯಲ್ಲಿ ಬೆಳೆಸಿ ಹೋಲಿಸಬೇಕು. ಬೇರೆಯವರ ಲೇಖನದ ಕೋಷ್ಟಕದಿಂದ ಅಂಕಿಗಳನ್ನು ಎತ್ತಿಕೊಂಡರೆ ಪರಿಶೀಲಕರು ಒಪ್ಪುವುದಿಲ್ಲ. ಒಂದೊಂದು ತಳಿಗೆ ನೂರು ಯೂರೊ ಆಚೀಚೆ ಆಗುತ್ತದೆ, ಸಾಗಣೆಯ ಖರ್ಚು ಕೆಲವೊಮ್ಮೆ ಅದನ್ನೂ ಮೀರುತ್ತದೆ. ಒಣಗಿಸಿದ ಬ್ಯಾಕ್ಟೀರಿಯಾ ಗಾಜಿನ ಆಂಪೂಲಿನೊಳಗೆ ಇನ್ನೊಂದು ಪುಟ್ಟ ಸೀಸೆಯಲ್ಲಿರುತ್ತದೆ. ಆಂಪೂಲಿನ ತುದಿಯನ್ನು ಬರ್ನರಿನ ಜ್ವಾಲೆಯಲ್ಲಿ ಕಾಯಿಸಿ, ಅದರ ಮೇಲೆ ಎರಡು ಹನಿ ನೀರು ಬಿಟ್ಟರೆ ಚಟ್ಟೆಂದು ಬಿರುಕು ಬಿಡುತ್ತದೆ. ಚಿಮಟದಿಂದ ತುದಿಯನ್ನು ತಟ್ಟಿ ಉದುರಿಸಿ, ಒಳಗಿನ ಸೀಸೆಯ ಹತ್ತಿ ತೆಗೆದು, ಅರ್ಧ ಮಿಲಿಲೀಟರ್ ಮಾಧ್ಯಮ ಹಾಕಿ ಅರ್ಧ ಗಂಟೆ ನೆನೆಯಲು ಬಿಡಬೇಕು. ಕೋಶಪೊರೆಯ ಕೊಬ್ಬಿನಾಮ್ಲಗಳು, ಕ್ವಿನೋನ್, ಧ್ರುವೀಯ ಲಿಪಿಡ್‌ಗಳ ಪರೀಕ್ಷೆಗಳಿಗೆ ನಮ್ಮಲ್ಲಿ ಸಲಕರಣೆ ಇರಲಿಲ್ಲ. ಹಣ ಕಟ್ಟಿ ಹೊರಗೆ ಮಾಡಿಸಿದೆವು. ಐಸೋ-ಸಿ15 ಕೊಬ್ಬಿನಾಮ್ಲ ಹೆಚ್ಚು, ಮೆನಾಕ್ವಿನೋನ್-6 ಮುಖ್ಯ ಎಂದು ಈ ಕುಲಕ್ಕೆ ತಕ್ಕ ಉತ್ತರವೇ ಬಂತು. ಜೀನೋಮಿನ ಕಾಲದಲ್ಲಿ ಇಷ್ಟೊಂದು ರಾಸಾಯನಿಕ ಪರೀಕ್ಷೆ ಏಕೆ ಬೇಕು ಎಂದು ನನಗೆ ಈಗಲೂ ಅನ್ನಿಸುತ್ತದೆ, ಆದರೆ ಕೇಳುತ್ತಾರೆ, ಕೊಡಬೇಕು.

ಇನ್ನು ತಳಿಯನ್ನು ಸಂಗ್ರಹಾಲಯಗಳಲ್ಲಿ ಠೇವಣಿ ಇಡುವ ವಿಷಯ. ಬ್ಯಾಕ್ಟೀರಿಯಾಗಳ ನಾಮಕರಣ ಸಂಹಿತೆಯ ಪ್ರಕಾರ 2001ರಿಂದೀಚೆಗೆ ಹೊಸ ಪ್ರಭೇದದ ಟೈಪ್ ತಳಿಯನ್ನು ಕನಿಷ್ಠ ಎರಡು ಬೇರೆ ಬೇರೆ ದೇಶಗಳ ಸಾರ್ವಜನಿಕ ಸಂಗ್ರಹಾಲಯಗಳಲ್ಲಿ ಜೀವಂತವಾಗಿ ಇರಿಸಿರಬೇಕು. ಯಾರು ಕೇಳಿದರೂ ನಿರ್ಬಂಧವಿಲ್ಲದೆ ಕೊಡುತ್ತೇವೆ ಎಂಬ ಪ್ರಮಾಣಪತ್ರವನ್ನೂ ಪತ್ರಿಕೆಗಳು ಕೇಳುತ್ತವೆ. ಇತ್ತ ನಮ್ಮ 2002ರ ಜೀವವೈವಿಧ್ಯ ಕಾಯ್ದೆ ದೇಶದ ಜೈವಿಕ ಸಂಪನ್ಮೂಲ ಹೊರಗೆ ಹೋಗುವುದರ ಮೇಲೆ ಕಣ್ಣಿಟ್ಟಿದೆ, ಅದರ 39ನೇ ಸೆಕ್ಷನ್ ಹೊಸ ಪ್ರಭೇದ ಕಂಡುಹಿಡಿದವರು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಒಪ್ಪಿಸಬೇಕೆಂದು ಹೇಳುತ್ತದೆ. ಎರಡೂ ನಿಯಮಗಳನ್ನು ಒಟ್ಟಿಗೆ ಪಾಲಿಸಬೇಕಾದರೆ ಕೆಲಸಗಳ ಸರದಿ ಮುಖ್ಯ: ಮೊದಲು ಪುಣೆಯ ಎನ್‌ಸಿಎಂಆರ್ ಅಥವಾ ಚಂಡೀಗಢದ ಎಂಟಿಸಿಸಿಯಂಥ ದೇಶದೊಳಗಿನ ಭಂಡಾರ, ಆಮೇಲೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಕಾಗದಪತ್ರ, ಕೊನೆಗೆ ಜರ್ಮನಿ, ಜಪಾನ್ ಅಥವಾ ಕೊರಿಯಾದ ಸಂಗ್ರಹಾಲಯ. 2023ರ ತಿದ್ದುಪಡಿಯ ನಂತರ ಅರ್ಜಿ ನಮೂನೆಗಳು ಬದಲಾಗಿರಬಹುದಾದ್ದರಿಂದ ಸಹೋದ್ಯೋಗಿಗಳ ಹಳೆಯ ಪ್ರತಿಯನ್ನು ನಕಲು ಮಾಡದೆ ಹೊಸದನ್ನೇ ಇಳಿಸಿಕೊಳ್ಳಿ. ಹಾವಿನ ಮಾದರಿಗೆ ಸಿಕ್ಕ ಅರಣ್ಯ ಪರವಾನಗಿಯ ಪ್ರತಿಯನ್ನು ಸಂಗ್ರಹಾಲಯಗಳೂ ಕೇಳುತ್ತವೆ. ಜೈವಿಕ ಸಂಪನ್ಮೂಲಗಳ ಬಳಕೆ ಮತ್ತು ಲಾಭಹಂಚಿಕೆಯ ಬಗೆಗಿನ ಅಂತರರಾಷ್ಟ್ರೀಯ ನಗೋಯಾ ಒಪ್ಪಂದದ ನಂತರ ಮೂಲದ ದಾಖಲೆಯಿಲ್ಲದ ತಳಿಯನ್ನು ಒಳಗೆ ಬಿಟ್ಟುಕೊಳ್ಳಲು ಅವರು ಹಿಂಜರಿಯುತ್ತಾರೆ.

ನಮ್ಮ ಮೊದಲ ಪಾರ್ಸೆಲ್ ಜೀವಂತವಾಗಿ ತಲುಪಲಿಲ್ಲ. ಮೂರು ಪದರಗಳ ಪ್ಯಾಕಿಂಗ್, ಜೈವಿಕ ವಸ್ತುವಿನ ಸಾಗಣೆಗೆ ಹಾಕುವ ಯುಎನ್ 3373 ಗುರುತು, ಎಲ್ಲ ಘೋಷಣೆಗಳು ಸರಿಯಾಗಿಯೇ ಇದ್ದವು. ಆದರೂ ಪೆಟ್ಟಿಗೆ ದಾರಿಯಲ್ಲಿ ಎಲ್ಲೋ ವಾರಗಟ್ಟಲೆ ಬಿದ್ದಿದ್ದು, ಅಗರ್ ಓರೆಕೊಳವೆಗಳಲ್ಲಿ ಕಳಿಸಿದ ಕಲ್ಚರು ಬೆಳೆಯಲಿಲ್ಲವೆಂಬ ಮಿಂಚಂಚೆ ಬಂತು. ಕೊರಿಯರಿನವರನ್ನು ಕೇಳಿದರೆ ಟ್ರ್ಯಾಕಿಂಗ್ ನೋಡಿ ಎಂದರು, ಟ್ರ್ಯಾಕಿಂಗ್‌ನಲ್ಲಿ ಒಂದೇ ಸಾಲು ದಿನವೂ ಕಾಣುತ್ತಿತ್ತು. ಇಡೀ ಪ್ರಕ್ರಿಯೆಯಲ್ಲಿ ನನಗೆ ನಿಜವಾಗಿ ಅಳು ಬಂದದ್ದು ಆಗ. ಎರಡನೆಯ ಸಲ ಪಕ್ಕದ ಸಂಸ್ಥೆಯೊಂದರಲ್ಲಿ ಕೆನೆ ತೆಗೆದ ಹಾಲಿನ ದ್ರಾವಣದಲ್ಲಿ ಕಲಸಿ, ಶೈತ್ಯದಲ್ಲಿ ಒಣಗಿಸಿ, ಸೀಲು ಮಾಡಿದ ಆಂಪೂಲುಗಳನ್ನೇ ಕಳಿಸಿದೆವು. ಒಣಗಿಸಿದ ಬ್ಯಾಕ್ಟೀರಿಯಾ ತಿಂಗಳ ತಡವನ್ನೂ ತಾಳಿಕೊಳ್ಳುತ್ತದೆ. ಖರ್ಚು ಸ್ವಲ್ಪ ಹೆಚ್ಚು, ಆದರೆ ಮೊದಲ ಸಲವೇ ಹೀಗೆ ಕಳಿಸುವುದು ಲಾಭ. ತಲುಪಿದ ಮೇಲೂ ಸಂಗ್ರಹಾಲಯದವರು ತಾವೇ ಬೆಳೆಸಿ, ಶುದ್ಧವೇ, ನೀವು ಹೇಳಿದ ಅನುಕ್ರಮವೇ ಇದೆಯೇ ಎಂದು ನೋಡಿಯೇ ಪ್ರಮಾಣಪತ್ರ ಕೊಡುವುದು. ಅವಸರ ಮಾಡಿ ಪತ್ರ ಬರೆದರೆ ವಿನಯದ ಉತ್ತರ ಬರುತ್ತದೆ, ಪ್ರಮಾಣಪತ್ರ ಬರುವುದಿಲ್ಲ.

ಆ ಕಾಯುವ ಅವಧಿಯಲ್ಲಿ ಹೆಸರಿನ ಬಗ್ಗೆ ಲ್ಯಾಬಿನಲ್ಲಿ ಚರ್ಚೆ ಜೋರಾಯಿತು. ಪಶ್ಚಿಮಘಟ್ಟದ ಕಾಳಿಂಗ ಸರ್ಪಕ್ಕೆ 2024ರಲ್ಲಿ ಒಫಿಯೋಫೇಗಸ್ ಕಾಳಿಂಗ ಎಂಬ ಹೆಸರು ಬಂದದ್ದರಿಂದ ಎಲ್ಲರಿಗೂ ಕನ್ನಡದ ಹುರುಪು. ಬ್ಯಾಕ್ಟೀರಿಯಾಗಳ ಸಂಹಿತೆ ಬೇರೆ. ಯಾವ ಭಾಷೆಯಿಂದ ತಂದರೂ ಲ್ಯಾಟಿನ್ ವ್ಯಾಕರಣಕ್ಕೆ ಒಗ್ಗಿಸಬೇಕು, ಕುಲದ ಹೆಸರು ನಪುಂಸಕ ಲಿಂಗವಾದರೆ ವಿಶೇಷಣವೂ ಹಾಗೆಯೇ ಆಗಬೇಕು. ನಾಮಕರಣ ಬಲ್ಲವರೊಬ್ಬರು ನಮ್ಮ ಮೂರು ಆಯ್ಕೆಗಳಲ್ಲಿ ಎರಡನ್ನು ತಳ್ಳಿಹಾಕಿದರು, ಉಳಿದದ್ದು ಉಳಿಯಿತು.

ಹಸ್ತಪ್ರತಿ ಪರಿಶೀಲನೆಯಲ್ಲಿದ್ದಾಗ ಇದೇ ಕುಲದ ಮತ್ತೊಂದು ಪ್ರಭೇದ ಬೇರೆ ದೇಶದಿಂದ ಪ್ರಕಟವಾಯಿತು. ಅದರೊಂದಿಗೂ ಹೋಲಿಸಿ ಎಂದು ಪರಿಶೀಲಕರು ಬರೆದರು. ನಮ್ಮದೂ ಅದೂ ಒಂದೇ ಆಗಿದ್ದರೆ ಹೆಸರು ಅವರದೇ ಆಗುತ್ತಿತ್ತು, ನಮ್ಮದು ಎರಡನೆಯ ತಳಿಯಾಗಿ ಉಳಿಯುತ್ತಿತ್ತು. ಅವರ ಜೀನೋಮ್ ಸಾರ್ವಜನಿಕವಾಗಿ ಸಿಕ್ಕಿದ್ದರಿಂದ ಅದೇ ಸಂಜೆ ಲೆಕ್ಕ ಹಾಕಿದೆ. ಎಎನ್‌ಐ ಗೆರೆಗಿಂತ ಬಹಳ ಕೆಳಗೆ ಬಂದ ಮೇಲೆಯೇ ಊಟ ಇಳಿದದ್ದು. ಔಷಧ ಪ್ರತಿರೋಧದ ಬಗ್ಗೆ ಬರೆದ ಸಾಲುಗಳನ್ನು ತಗ್ಗಿಸಿ ಎಂದೂ ಪರಿಶೀಲಕರು ಹೇಳಿದರು, ಅದು ಸರಿಯಾದ ಮಾತು. ಈ ಕುಲದ ಹಲವು ಸದಸ್ಯರು ಹುಟ್ಟಿನಿಂದಲೇ ಕಾರ್ಬಪೆನೆಮ್ ಮತ್ತು ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್‌ಗಳಿಗೆ ಜಗ್ಗುವುದಿಲ್ಲ. ಹಾಗೆಂದು ಹಾವಿನ ಬಾಯಲ್ಲಿ ಸಿಕ್ಕಿದ್ದೆಲ್ಲ ಕಡಿತದ ಗಾಯದಲ್ಲಿ ರೋಗ ತರುತ್ತದೆಂದು ಹೇಳಲು ನಮ್ಮಲ್ಲಿ ಪುರಾವೆಯಿಲ್ಲ. ಸೋಂಕಿನ ಲಕ್ಷಣವಿಲ್ಲದ ಕಡಿತಕ್ಕೆ ಮುಂಜಾಗ್ರತೆಯ ಆ್ಯಂಟಿಬಯೋಟಿಕ್ ಬೇಡವೆಂಬ ಚಿಕಿತ್ಸಾ ಸೂಚನೆಯನ್ನು ಬದಲಿಸುವಂಥದ್ದೇನೂ ನಮ್ಮ ಕೆಲಸದಲ್ಲಿಲ್ಲ. ಸುದ್ದಿಪತ್ರಿಕೆಯವರು ಫೋನು ಮಾಡಿದಾಗಲೂ ನಾವು ಹೇಳಿದ್ದು ಇಷ್ಟೇ.

ಸ್ವೀಕೃತಿಯ ನಂತರವೂ ಕೆಲವು ಕೆಲಸಗಳು ಉಳಿದಿರುತ್ತವೆ. ಹೆಸರು ಸಿಂಧುವಾಗಬೇಕಾದರೆ ಅದು ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಸಿಸ್ಟಮ್ಯಾಟಿಕ್ ಅಂಡ್ ಎವಲ್ಯೂಷನರಿ ಮೈಕ್ರೊಬಯಾಲಜಿಯಲ್ಲಿ ಬರಬೇಕು, ಬೇರೆ ಪತ್ರಿಕೆಯಲ್ಲಿ ಬಂದಿದ್ದರೆ ಈ ಜರ್ನಲ್ಲಿನ ಸಿಂಧುತ್ವ ಪಟ್ಟಿಗೆ ಪ್ರಮಾಣಪತ್ರಗಳ ಸಮೇತ ಅರ್ಜಿ ಹಾಕಬೇಕು. ಪರವಾನಗಿಯ ಷರತ್ತಿನಂತೆ ಅರಣ್ಯ ಇಲಾಖೆಗೆ ಲೇಖನದ ಪ್ರತಿ ಮತ್ತು ವರದಿ ಕೊಡಬೇಕು. ಮುಂದಿನ ಅರ್ಜಿ ಹಾಕುವ ದಿನ ಅದನ್ನು ಕೇಳುತ್ತಾರೆ. ಜೀನೋಮ್ ಭಂಡಾರದಲ್ಲಿ ನಮ್ಮ ತಳಿ ಇನ್ನೂ ಕುಲದ ಹೆಸರು ಮತ್ತು ಸಂಖ್ಯೆಯಿಂದಷ್ಟೇ ದಾಖಲಾಗಿದೆ. ಲೇಖನ ಹೊರಬಂದ ದಿನ ಅದರ ಕೊಂಡಿಯನ್ನು ಹಚ್ಚಿ, ಹೆಸರನ್ನು ತಿದ್ದಿ ಎಂದು ಭಂಡಾರದವರಿಗೆ ನಾವೇ ಬರೆಯಬೇಕು, ತಾನಾಗಿ ಬದಲಾಗುವುದಿಲ್ಲ. ಆ ಮಿಂಚಂಚೆಯ ಕರಡು ಸಿದ್ಧವಾಗಿದೆ.